ಅಂಚಿನಲ್ಲಿ ಎರಡು ಇಂಚು

ಫುಂದಿ ಖೇರಿ ತಂದ ಪ್ಲಾಸ್ಟಿಕ್ ಚೀಲದಿಂದ
ಮೊದಲು ಹೊರಬಂದದ್ದು ಮೀನಿನ ವಾಸನೆ.
ಯಾರೋ ಹೇಳಿದರಂತೆ, ಸತ್ತ ಡಿಸ್ಕನ್ನು ಒಂದು ರಾತ್ರಿ
ಫ್ರೀಜರಿನಲ್ಲಿಟ್ಟರೆ ಎದ್ದು ಕೂರುತ್ತದೆಂದು.
ಮೂರು ರಾತ್ರಿ ಇಟ್ಟಿದ್ದಾರೆ,
ಸೀಳಿದ ಬಂಗುಡೆಯ ಪಕ್ಕದಲ್ಲಿ.

ಬೈಯಲಿಲ್ಲ. ಒರೆಸಿ, ಒಣಗಿಸಿ, ಕರೆಂಟು ಕೊಟ್ಟೆ.
ಟಕ್. ಟಕ್. ಟಕ್. ಒಂದು ನಿಟ್ಟುಸಿರು. ಮತ್ತೆ ಟಕ್.
ತನ್ನ ಮನೆ ಮರೆತವನು
ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿದ ಹಾಗೆ.

"ಇದರಲ್ಲಿ ಏನಿದೆ?"
"ಊರು," ಎಂದರು.
ಆಮೇಲೆ ತಮಗೇ ನಾಚಿಕೆಯಾಗಿ, "ಅಳತೆಗಳು."

ಇಪ್ಪತ್ತಾರು ವರ್ಷದ ಕುತ್ತಿಗೆ, ಎದೆ, ತೋಳು, ಸೊಂಟ.
ಸೋದರಳಿಯ ಒಂದು ಮಳೆಗಾಲವಿಡೀ ಕೂತು
ಪುಸ್ತಕದಿಂದ ಲ್ಯಾಪ್‌ಟಾಪಿಗೆ ಇಳಿಸಿದ.
ಪುಸ್ತಕಗಳೋ? ಕಡಲೆಕಾಯಿಯವನು ಕೊಂಡುಹೋದ.
ಅರ್ಧ ಮೊಂಬಾಸಾ ತನ್ನದೇ ಮೈಯಳತೆ ಬರೆದ ಪೊಟ್ಟಣದಿಂದ
ಬಿಸಿ ಕಡಲೆ ತಿಂದಿದೆ.

"ಮತ್ತೆ ಟೇಪು ಹಿಡಿಯಬಹುದಲ್ಲ?"
"ಈದ್‌ಗೆ ಇನ್ನು ಇಪ್ಪತ್ತೆರಡು ದಿನ. ಅದೂ ಅಲ್ಲದೆ
ಎಲ್ಲರೂ ಬರುವ ಸ್ಥಿತಿಯಲ್ಲಿಲ್ಲ."

ಇಲ್ಲಿ ದರ್ಜಿಯನ್ನೂ ಫುಂದಿ ಎನ್ನುತ್ತಾರೆ, ನನ್ನನ್ನೂ.
ಅವರ ಸೂಜಿ ಕಣ್ಣಿಗೆ ಕಾಣುತ್ತದೆ.
ನನ್ನದು ತಟ್ಟೆಯನ್ನು ಮುಟ್ಟದೆ ತೇಲಬೇಕು,
ಸಿಗರೇಟಿನ ಹೊಗೆಯ ಕಣವೂ ತೂರದಷ್ಟು ಅಂತರದಲ್ಲಿ.
ಮುಟ್ಟಿತೋ, ಗೀರು.
ಗೀರಿಗೆ ತೇಪೆ ಇಲ್ಲ.

ಅದೇ ಕಂಪನಿ, ಅದೇ ಮಾದರಿ, ಅದೇ ತಿಂಗಳು ಹುಟ್ಟಿದ ಇನ್ನೊಂದು ಡಿಸ್ಕು
ನೈರೋಬಿಯಿಂದ ರಾತ್ರಿ ಬಸ್ಸಿನಲ್ಲಿ ಬಂತು, ಚಾಲಕನ ಸೀಟಿನ ಕೆಳಗೆ.
ಅದಕ್ಕೆ ಏನೂ ಆಗಿರಲಿಲ್ಲ.
ಅದರ ತಲೆ ಕಿತ್ತು ಇದಕ್ಕೆ ಕೂರಿಸಿದೆ,
ಮೀನಿನ ತೊಟ್ಟಿಯಿಂದ ನಾನೇ ಮಾಡಿಕೊಂಡ ಗಾಜಿನ ಗೂಡಿನೊಳಗೆ,
ಫ್ಯಾನು ನಿಲ್ಲಿಸಿ, ಕಡಲ ಕಡೆಯ ಕಿಟಕಿ ಮುಚ್ಚಿ,
ಉಸಿರನ್ನು ಅಳೆದು ಬಿಡುತ್ತಾ.

ಟಕ್ ನಿಂತಿತು.
ಎಂಟು ದಿನ ಓದಿಸಿದೆ. ಬಾರದ ಕಡೆ ಹಾರಿ,
ಕೊನೆಯಿಂದ ಹಿಂದಕ್ಕೆ ಬಂದು, ಬಿಟ್ಟದ್ದನ್ನು ಮತ್ತೆ ಕೇಳಿ,
ಹಟದ ಮಗುವಿಗೆ ತುತ್ತು ಉಣಿಸುವವರ ಹಾಗೆ:
ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ.

ಬಂದರು.
ಹೆಸರಿಲ್ಲದ ಒಬ್ಬರ ಭುಜ, ಹದಿನೆಂಟೂವರೆ.
ಝಕಿಯಾ ಎಂಬಾಕೆಗೆ ತೋಳು ಮಾತ್ರ.
ಒಬ್ಬ ಮದುಮಗನಿಗೆ ಕುತ್ತಿಗೆ ಇದೆ,
ಎದೆಯ ಜಾಗದಲ್ಲಿ ಸೊನ್ನೆ ಸೊನ್ನೆ ಸೊನ್ನೆ.
ಅಳಿಸಿದ್ದೂ ಬಂತು. ಅಳಿಸುವುದೆಂದರೆ
ವಿಳಾಸಕ್ಕೆ ಗೀಟು ಎಳೆಯುವುದಷ್ಟೆ; ಮನೆ ಹಾಗೇ ಇರುತ್ತದೆ,
ಬೇರೆಯವರು ಬಂದು ಸೇರುವ ತನಕ.
ಬಾಕಿ ಕೊಡದವರನ್ನು ಸಿಟ್ಟಿನಲ್ಲಿ ಅಳಿಸಿದ್ದರು ಫುಂದಿ.
ಅವರೂ ಬಂದು ಸಾಲಿನಲ್ಲಿ ನಿಂತರು, ಬಾಕಿ ಸಮೇತ.

ಮೂರೂವರೆ ಸಾವಿರ ಸಾಲುಗಳ ನಡುವೆ ಎಲ್ಲೋ:
ರಿಜಿಕಿ, ಓಮಾರಿಯ ಮಗಳು. ಆರನೇ ತರಗತಿ.
ನೀಲಿ ಲಂಗ. ಸೊಂಟ ಇಪ್ಪತ್ತೆರಡು. ಉದ್ದ...
ಉದ್ದ ಇಲ್ಲ. ಆ ಸೆಕ್ಟರು ಸತ್ತಿದೆ.
ಅದರ ಮುಂದೆ ಷರಾ:
ಅಂಚಿನಲ್ಲಿ ಎರಡು ಇಂಚು ಮಡಚಿ ಬಿಡಲು ತಾಯಿ ಹೇಳಿದ್ದಾರೆ.
ಬೆಳೆಯುವ ಹುಡುಗಿ.

ಎದ್ದು ಕಿಟಕಿ ತೆರೆದೆ. ಉಪ್ಪುಗಾಳಿ ಬಂತು,
ಡಿಸ್ಕುಗಳನ್ನು ತಿನ್ನುವ ಅದೇ ಗಾಳಿ.
ಮಡಿಕೆ ಬಿಚ್ಚಿದ ವರ್ಷ ನೆನಪಿದೆ ನನಗೆ:
ಮೊಣಕಾಲಿನ ಕೆಳಗೆ ಮಾಸದ ಎರಡು ಇಂಚು ನೀಲಿ,
ಉಳಿದ ಲಂಗದ ಪರಿಚಯವೇ ಇಲ್ಲದಂತೆ.

ಬೆಳಿಗ್ಗೆ ಫುಂದಿ ಬಂದರು, ಟೇಪು ಕೊರಳಲ್ಲೇ.
"ನೂರಕ್ಕೆ ಎಂಬತ್ಮೂರು," ಎಂದೆ.
"ಉಳಿದವರು?"
"ಕರೆಸಿ, ನಿಲ್ಲಿಸಿ, ಅಳೆಯಿರಿ."
"ಬಾರದವರನ್ನು?"

ಬಿಲ್ಲಿನಲ್ಲಿ ಎರಡು ಸಾವಿರ ಶಿಲಿಂಗ್ ಹೊಡೆದು ಹಾಕಿದೆ.
ಯಾಕೆಂದರು. "ಅಂಚಿನಲ್ಲಿ ಬಿಟ್ಟದ್ದು," ಎಂದೆ.
ಅರ್ಥವಾಗಲಿಲ್ಲ ಅವರಿಗೆ.
ಹೊಸ ಡಿಸ್ಕನ್ನು ಒಳಜೇಬಿಗೆ ಇಳಿಸಿ
ಹಳೆಯದನ್ನೂ ಕೇಳಿ ಪಡೆದರು:
ಬಟ್ಟೆ ಕತ್ತರಿಸುವಾಗ ಜಾರದಂತೆ
ಮೇಲಿಡಲು ಒಳ್ಳೆಯ ಭಾರವಂತೆ.